ಆಶ್ಲೇಷ ಮಳೆಯ ಸಾಕ್ಷಿ

2022ರ ಮಾರ್ಚ್ ತಿಂಗಳ ಒಂದು ಬೆಳಿಗ್ಗೆ ಸಾಗರದ ನ್ಯಾಯಾಲಯದ ಜಗಲಿಯಲ್ಲಿ ನಿಂತು ಅಮ್ಮನ ದಾರಿ ಕಾಯುತ್ತಿದ್ದೆ. ಅಮ್ಮ ಬರಬೇಕಾದದ್ದು ತುಮರಿಯ ಕಡೆಯಿಂದ. ಕಳಸವಳ್ಳಿಯಲ್ಲಿ ಬೆಳಗಿನ ಮೊದಲ ಲಾಂಚ್ ಹತ್ತಿ, ಶರಾವತಿಯ ಹಿನ್ನೀರು ದಾಟಿ, ಅಂಬಾರಗೋಡ್ಲಿನಲ್ಲಿ ಬಸ್ ಹಿಡಿದು ಸಾಗರ ಸೇರಬೇಕು. ಅರವತ್ತೆರಡು ವರ್ಷದ ಅವರು ಅದುವರೆಗೆ ಕೋರ್ಟಿನ ಮೆಟ್ಟಿಲು ಹತ್ತಿದವರಲ್ಲ. ಆ ದಿನ ಅವರು ಕಟಕಟೆಯಲ್ಲಿ ನಿಂತು, ಇವಳನ್ನು ನಾನೇ ಹೆತ್ತೆ, ಇಂಥ ದಿನ ಹೆತ್ತೆ ಎಂದು ಹೇಳಬೇಕಿತ್ತು.

ಯಜಮಾನರಿಗೆ ನೆದರ್‌ಲ್ಯಾಂಡ್ಸ್‌ನ ಐಂಡ್‌ಹೋವನ್‌ನಲ್ಲಿ ಕೆಲಸ ಸಿಕ್ಕಿ, ಮಗಳನ್ನು ಕರೆದುಕೊಂಡು ನಾನೂ ಹೊರಡುವುದೆಂದು ತೀರ್ಮಾನವಾದಾಗ ನನ್ನ ಹೆಸರಿನಲ್ಲಿ ಎರಡು ಕಾಗದ ಬೇಕಾದವು. ಮದುವೆಯದೊಂದು, ಹುಟ್ಟಿನದೊಂದು. ಮದುವೆಯದು ಸುಲಭವಾಯಿತು. ನಾವು ಅದನ್ನು ಅದುವರೆಗೆ ನೋಂದಾಯಿಸಿರಲಿಲ್ಲ, ಆದರೆ ಲಗ್ನಪತ್ರಿಕೆ ಇತ್ತು, ಧಾರೆಯ ಫೋಟೋ ಇತ್ತು. ಮೂವರು ಸಾಕ್ಷಿಗಳನ್ನು ಕರೆದುಕೊಂಡು ಶಿವಮೊಗ್ಗದ ಉಪ ನೋಂದಣಾಧಿಕಾರಿ ಕಚೇರಿಗೆ ಹೋದೆವು, ಮಧ್ಯಾಹ್ನದೊಳಗೆ ಕೆಲಸ ಮುಗಿಯಿತು.

ತೊಡಕಾದದ್ದು ಹುಟ್ಟಿನ ಕಾಗದ. ನಾನು ಹುಟ್ಟಿದ್ದು ಮನೆಯಲ್ಲಿ, ಸೂಲಗಿತ್ತಿಯ ಕೈಯಲ್ಲಿ. ಪಾಸ್‌ಪೋರ್ಟಿಗೆ ಜನನ ಪ್ರಮಾಣ ಪತ್ರ ಕೇಳಿರಲಿಲ್ಲ. 1989ರ ಜನವರಿ 26ಕ್ಕಿಂತ ಮೊದಲು ಹುಟ್ಟಿದವರಿಗೆ ಆಗಿನ ನಿಯಮದಲ್ಲಿ ಆ ವಿನಾಯಿತಿ ಇತ್ತು, ಎಸ್‌ಎಸ್‌ಎಲ್‌ಸಿ ಅಂಕಪಟ್ಟಿಯೇ ಸಾಕಾಗಿತ್ತು. ಆದರೆ ನಾಲ್ಕು ತಿಂಗಳಿಗಿಂತ ಹೆಚ್ಚು ಕಾಲ ನೆದರ್‌ಲ್ಯಾಂಡ್ಸ್‌ನಲ್ಲಿ ಇರಲು ಹೋಗುವವರು ತಲುಪಿದ ಐದು ದಿನಗಳೊಳಗೆ ಅಲ್ಲಿನ ನಗರಸಭೆಯಲ್ಲಿ ಹೆಸರು ಬರೆಸಬೇಕು. ಆಗ ಕೊಡುವ ನಾಗರಿಕ ಸೇವಾ ಸಂಖ್ಯೆಯೇ ಬ್ಯಾಂಕ್ ಖಾತೆ, ಸಂಬಳ, ಆರೋಗ್ಯ ವಿಮೆ ಎಲ್ಲಕ್ಕೂ ಮೂಲ. ಆ ಕಿಟಕಿಯಲ್ಲಿ ಕೇಳುವುದು ಜನನ ಪ್ರಮಾಣ ಪತ್ರ, ಅದೂ ಅಪೊಸ್ಟಿಲ್, ಅಂದರೆ ಬೇರೆ ದೇಶವೂ ಒಪ್ಪುವ ದೃಢೀಕರಣದ ಚೀಟಿ, ಅಂಟಿಸಿದ್ದು. ಬೆಂಗಳೂರಿನ ಒಬ್ಬ ಏಜೆಂಟರು ಅಂಕಪಟ್ಟಿಗೇ ಅಪೊಸ್ಟಿಲ್ ಮಾಡಿಸಿದರೆ ನಡೆಯುತ್ತದೆ ಎಂದರು. ನಂಬಿದೆ. ಮೂರು ವಾರ ಹೋದವು. ಹಣ ಹೋದದ್ದಕ್ಕಿಂತ ಆ ಮೂರು ವಾರಗಳ ಬಗ್ಗೆ ನನಗೆ ಇಂದಿಗೂ ಸಿಟ್ಟಿದೆ.

ಕೊನೆಗೆ ತಾಲ್ಲೂಕು ಕಚೇರಿಯ ದಾಖಲೆ ಕೊಠಡಿಯಲ್ಲಿ 1986ರ ಜನನ ರಿಜಿಸ್ಟರ್ ಹುಡುಕಿಸಿದೆ. ಕೆಂಪು ಬಟ್ಟೆಯಲ್ಲಿ ಕಟ್ಟಿಟ್ಟಿದ್ದ ಕಟ್ಟನ್ನು ಬಿಚ್ಚಿದಾಗ ಮಲೆನಾಡಿನ ಹಳೆಯ ಪೆಟ್ಟಿಗೆಗಳಿಂದ ಬರುವ ಅದೇ ಬೂಷ್ಟು ವಾಸನೆ ಬಂತು. ಪುಟದ ಅಂಚುಗಳು ಕಂದಾಗಿ ಮಡಿಚಿಕೊಂಡಿದ್ದವು, ನೀಲಿ ಶಾಯಿ ಕೆಲವೆಡೆ ನೀರಿಗೆ ಹರಡಿ ಹೂವಿನಂತಾಗಿತ್ತು. ಗುಮಾಸ್ತರು ಬೆರಳಿಟ್ಟು ಸಾಲು ಸಾಲಾಗಿ ಓದುತ್ತಾ ಹೋದರು. ಜುಲೈ ಎರಡನೆಯ ವಾರದಲ್ಲಿ ಒಂದು ಗಂಡು ಮಗು. ಅದರ ಕೆಳಗಿನ ಸಾಲು ನೇರವಾಗಿ ಸೆಪ್ಟೆಂಬರ್. ನಡುವೆ ಏನೂ ಇಲ್ಲ. ಅವರು ಇನ್ನೊಮ್ಮೆ ಹಿಂದಿನ ಪುಟದಿಂದ ನೋಡಿದರು, ಪಕ್ಕದ ಊರುಗಳ ಪುಟಗಳನ್ನೂ ತಿರುವಿದರು. “ಇಲ್ಲಮ್ಮ, ಬರೆಸಿಲ್ಲ,” ಎಂದರು. ತಮ್ಮ ಮನೆಯ ಸಂಗತಿಯೋ ಎಂಬಂತೆ ಅವರ ದನಿ ಇಳಿದಿತ್ತು.

ದಾಖಲೆ ಲಭ್ಯವಿಲ್ಲ ಎಂಬ ಪ್ರಮಾಣ ಪತ್ರವನ್ನು ಅವರೇ ಮಾಡಿಸಿಕೊಟ್ಟರು. ಅಲ್ಲಿಂದ ಮುಂದಿನ ದಾರಿ ಕೋರ್ಟಿನದು. 1969ರ ಜನನ ಮತ್ತು ಮರಣ ನೋಂದಣಿ ಕಾಯ್ದೆಯ 13ನೇ ಕಲಮಿನ ಪ್ರಕಾರ, ಹುಟ್ಟಿ ಒಂದು ವರ್ಷ ದಾಟಿದ ಮೇಲೆ ನೋಂದಾಯಿಸಲು ಆಗ ಪ್ರಥಮ ದರ್ಜೆ ಮ್ಯಾಜಿಸ್ಟ್ರೇಟರ ಆದೇಶ ಬೇಕಿತ್ತು. 2023ರ ತಿದ್ದುಪಡಿಯ ನಂತರ ಈ ಅಧಿಕಾರ ಜಿಲ್ಲಾ ಮ್ಯಾಜಿಸ್ಟ್ರೇಟ್, ಉಪವಿಭಾಗ ಮ್ಯಾಜಿಸ್ಟ್ರೇಟ್ ಅಥವಾ ಜಿಲ್ಲಾ ಮ್ಯಾಜಿಸ್ಟ್ರೇಟರು ಅಧಿಕಾರ ಕೊಟ್ಟ ಕಾರ್ಯನಿರ್ವಾಹಕ ಮ್ಯಾಜಿಸ್ಟ್ರೇಟರಿಗೆ ಬಂದಿದೆ. ಈಗ ಈ ದಾರಿಯಲ್ಲಿ ನಡೆಯುವವರು ಅದನ್ನು ತಿಳಿದುಕೊಂಡೇ ಹೊರಡಬೇಕು. ನನ್ನ ಕಾಲಕ್ಕೆ ವಕೀಲರು, ಅರ್ಜಿ, ಅಫಿಡವಿಟ್, ಪತ್ರಿಕೆಯಲ್ಲಿ ಪ್ರಕಟಣೆ, ಸಾಕ್ಷಿ ಎಲ್ಲವೂ ಆಗಬೇಕಿತ್ತು. ಸೂಲಗಿತ್ತಿ ತೀರಿಕೊಂಡು ಎಷ್ಟೋ ವರ್ಷವಾಗಿತ್ತು, ಅಪ್ಪನೂ ಇರಲಿಲ್ಲ. ಉಳಿದಿದ್ದ ಸಾಕ್ಷಿ ಅಮ್ಮ ಒಬ್ಬರೇ.

ಹತ್ತು ಗಂಟೆಯ ಹೊತ್ತಿಗೆ ಅಮ್ಮ ಬಂದರು. ಹಬ್ಬಕ್ಕೆ ಉಡುವ ಸೀರೆ, ಕಂಕುಳಲ್ಲಿ ಬಟ್ಟೆಯ ಚೀಲ. ನೀರು ಕುಡಿದು ಸುಧಾರಿಸಿಕೊಳ್ಳುವ ಮೊದಲೇ ಚೀಲದಿಂದ ಒಂದು ಹಳೆಯ ಪಂಚಾಂಗ ತೆಗೆದರು. ಅಕ್ಷಯ ಸಂವತ್ಸರದ್ದು. ಅಟ್ಟದ ಮೇಲೆ ಹೊಗೆ ಕುಡಿದು ಕುಡಿದು ಬೆಲ್ಲದ ಬಣ್ಣಕ್ಕೆ ತಿರುಗಿತ್ತು, ಹಿಂದಿನ ರಟ್ಟನ್ನು ಒರಲೆ ಅರ್ಧ ತಿಂದಿತ್ತು. ಶ್ರಾವಣದ ಪುಟದ ಅಂಚಿನಲ್ಲಿ ಪೆನ್ಸಿಲಿನಲ್ಲಿ ಅಪ್ಪನ ಅಕ್ಷರ: “ತಾ. 9, ಶನಿವಾರ, ಬೆಳಗಿನ ಜಾವ, ಹೆಣ್ಣು.” ಅಷ್ಟೇ. ಅಪ್ಪ ‘ಣ್ಣು’ ಬರೆಯುವಾಗ ಒತ್ತಕ್ಷರವನ್ನು ಸ್ವಲ್ಪ ದೂರಕ್ಕೆ ಎಳೆಯುತ್ತಿದ್ದರು. ಇಲ್ಲಿಯೂ ಹಾಗೆಯೇ ಎಳೆದಿದ್ದರು. ಅದನ್ನು ನೋಡುತ್ತಾ ನನಗೆ ಮಾತು ಹೊರಡಲಿಲ್ಲ.

ನಮ್ಮ ಸರದಿ ಬಂದಾಗ ಹನ್ನೆರಡೂವರೆ. ಅಮ್ಮನಿಗೆ ಪ್ರಮಾಣ ಮಾಡಿಸಿದರು. ವಕೀಲರು ಹೆಸರು, ಊರು, ಮಕ್ಕಳೆಷ್ಟು ಎಂದು ಕೇಳಿ, ಈಕೆ ಹುಟ್ಟಿದ್ದು ಯಾವಾಗ ಎಂದರು.

“ಆಶ್ಲೇಷ ಮಳೆ ಹಿಡಿದಿತ್ತು ಸ್ವಾಮಿ. ನಾಗರಪಂಚಮಿಗೆ ಅರಳು ಹುರಿಯಬೇಕು ಎಂದು ಭತ್ತ ತೆಗೆದಿಟ್ಟಿದ್ದೆ. ಹುರಿಯಲು ಆಗಲಿಲ್ಲ.”

ಮ್ಯಾಜಿಸ್ಟ್ರೇಟರು ತಲೆಯೆತ್ತಿ, “ತಾರೀಕು ಹೇಳಿ ಅಮ್ಮಾ,” ಎಂದು ಮೆಲ್ಲಗೆ ಕೇಳಿದರು. ಅಮ್ಮ ತಾರೀಕು, ತಿಂಗಳು, ಇಸವಿ ಮೂರನ್ನೂ ತಡವರಿಸದೆ ಹೇಳಿದರು. ಹಿಂದಿನ ರಾತ್ರಿಯೆಲ್ಲ ಅದನ್ನು ಹೇಳಿಕೊಂಡು ಅಭ್ಯಾಸ ಮಾಡಿದ್ದರೆಂದು ಆಮೇಲೆ ತಿಳಿಯಿತು.

ಸರ್ಕಾರದ ಪರ ವಕೀಲರ ಪಾಟೀಸವಾಲು ಒಂದೇ: ಆಗಲೇ ಏಕೆ ನೋಂದಾಯಿಸಲಿಲ್ಲ?

“ಆ ಮಳೆಯಲ್ಲಿ ಮನೆಯಿಂದ ಯಾರು ಹೊರಡುತ್ತಾರೆ? ಇವರ ಅಪ್ಪ, ಮಳೆ ಬಿಡಲಿ ಹೋಗುತ್ತೇನೆ ಎಂದರು. ಮಳೆ ಬಿಟ್ಟ ಮೇಲೆ ಅಡಿಕೆಯ ಕೊನೆಕೊಯ್ಲು ಬಂತು. ಮರೆತೆವು. ನಮ್ಮದೇ ತಪ್ಪು.”

ಆ ಕೊನೆಯ ಮಾತನ್ನು ಅಮ್ಮ ನನ್ನ ಕಡೆ ತಿರುಗಿ ಹೇಳಿದರು. ನಾನು ಎದ್ದು ಹೋಗಿ ಕೈ ಹಿಡಿದುಕೊಳ್ಳಬೇಕು ಎನ್ನಿಸಿತು. ಕೋರ್ಟು ಎಂದು ಸುಮ್ಮನೆ ಕುಳಿತೆ.

ಹೊರಗೆ ಬಂದು ಊಟ ಮಾಡುವಾಗ ಅಮ್ಮ ತಮ್ಮ ಅಪ್ಪನ ಮಾತು ತೆಗೆದರು. ಅಮ್ಮ ಹುಟ್ಟಿದ ಊರು ಈಗ ನೀರಿನಡಿಯಲ್ಲಿದೆ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿದಾಗ ಅವರಿಗೆ ನಾಲ್ಕು ವರ್ಷ. ಅಜ್ಜ ಹೆಂಚು ಇಳಿಸಿ, ಬಾಗಿಲ ಚೌಕಟ್ಟು ಕಿತ್ತು, ಗಾಡಿಯಲ್ಲಿ ಹೇರಿಕೊಂಡು ಮೇಲಿನ ಗುಡ್ಡ ಸೇರಿದರು. ಚೌಕಟ್ಟು ತಂದರು, ಕಾಗದ ತರಲಿಲ್ಲ. ಸಾಗುವಳಿ ಮಾಡಿದ ನೆಲಕ್ಕೆ ಹಕ್ಕುಪತ್ರ ಬೇಕೆಂದು ಸಾಯುವವರೆಗೂ ಓಡಾಡಿದರು. ಮುಳುಗಡೆಯ ಎಷ್ಟೋ ಕುಟುಂಬಗಳು ಇಂದಿಗೂ ಓಡಾಡುತ್ತಿವೆ. “ಊರು ಬಿಡುವವರು ಕಾಗದ ಬಿಡಬಾರದು ಎಂದು ಅಪ್ಪ ಹೇಳುತ್ತಿದ್ದರು. ನಿನ್ನ ಕಾಗದವನ್ನು ನಾನೇ ಬಿಟ್ಟೆ ನೋಡು,” ಎಂದರು. ಬಿಟ್ಟಿದ್ದನ್ನು ಈಗ ನೀವೇ ಬರೆಸಿದಿರಲ್ಲ ಎಂದೆ. ಅವರ ಗಮನ ಆಗಲೇ ಗಡಿಯಾರದ ಕಡೆ ಹೋಗಿತ್ತು. ಸಂಜೆಯ ಕೊನೆಯ ಲಾಂಚ್ ತಪ್ಪಿದರೆ ಆ ದಿನ ಮನೆ ಸೇರುವಂತಿರಲಿಲ್ಲ. 2025ರ ಜುಲೈನಲ್ಲಿ ಅಲ್ಲಿ ಸೇತುವೆ ತೆರೆದ ಸುದ್ದಿ ಕೇಳಿದಾಗ ನನಗೆ ಮೊದಲು ನೆನಪಾದದ್ದು ಆ ದಿನ ಬಸ್ಸಿನ ಕಡೆಗೆ ಓಡುತ್ತಿದ್ದ ಅಮ್ಮ.

ಏಪ್ರಿಲ್‌ನಲ್ಲಿ ಆದೇಶವಾಯಿತು. ಅದರ ದೃಢೀಕೃತ ನಕಲನ್ನು ಕೊಟ್ಟ ಮೇಲೆ ನನ್ನ ಜನನ ಮೂವತ್ತಾರನೆಯ ವರ್ಷಕ್ಕೆ ನೋಂದಣಿಯಾಯಿತು. ಪ್ರಮಾಣ ಪತ್ರಕ್ಕೆ ಮೊದಲು ರಾಜ್ಯ ಸರ್ಕಾರದ ದೃಢೀಕರಣ, ನಂತರ ವಿದೇಶಾಂಗ ಸಚಿವಾಲಯದ ಅಪೊಸ್ಟಿಲ್. ಸಚಿವಾಲಯ ನೇರವಾಗಿ ನಮ್ಮಿಂದ ಕಾಗದ ತೆಗೆದುಕೊಳ್ಳುವುದಿಲ್ಲ, ಅದು ಗೊತ್ತುಮಾಡಿದ ಸಂಸ್ಥೆಗಳ ಮೂಲಕವೇ ಹೋಗಬೇಕು. ಸಚಿವಾಲಯದ ಶುಲ್ಕ ಕಾಗದವೊಂದಕ್ಕೆ 50 ರೂಪಾಯಿ, ಉಳಿದದ್ದು ಮಧ್ಯದವರ ಸೇವಾ ಶುಲ್ಕ. ಹಿಂಬದಿಯಲ್ಲಿ ಸಂಖ್ಯೆಯಿರುವ ಒಂದು ಚೀಟಿ ಅಂಟಿಸಿ ಕೊಟ್ಟರು. ಈ ವ್ಯವಸ್ಥೆ 1961ರಲ್ಲಿ ಹೇಗ್ ನಗರದಲ್ಲಿ ಆದ ಒಪ್ಪಂದದಿಂದ ಬಂದದ್ದು, ಭಾರತ ಅದನ್ನು ಸೇರಿದ್ದು 2005ರಲ್ಲಿ. ನಾನು ಹೋಗುತ್ತಿದ್ದ ದೇಶದಲ್ಲೇ ಹುಟ್ಟಿದ ನಿಯಮ ನಮ್ಮ ಮನೆಯ ಅಟ್ಟದ ಪಂಚಾಂಗವನ್ನು ಕೆಳಗಿಳಿಸಿತ್ತು.

ಇನ್ನೊಂದು ಎಚ್ಚರ ಹೇಳಬೇಕು. 2014ರ ನವೆಂಬರ್ 1ರಂದು ನಮ್ಮ ಜಿಲ್ಲೆಯ ಹೆಸರಿನ ಇಂಗ್ಲಿಷ್ ಕಾಗುಣಿತ ‘ಶಿಮೊಗ’ದಿಂದ ‘ಶಿವಮೊಗ್ಗ’ವಾಯಿತು. ನನ್ನ ಪಾಸ್‌ಪೋರ್ಟ್ ಅದಕ್ಕಿಂತ ಹಳೆಯದು, ಪ್ರಮಾಣ ಪತ್ರ ಹೊಸದು. ಓದುವವರಿಗೆ ಎರಡು ಬೇರೆ ಊರುಗಳಂತೆ ಕಾಣುತ್ತವೆ. ಹೆಸರು ಬದಲಾದ ಸರ್ಕಾರಿ ಅಧಿಸೂಚನೆಯ ಪ್ರತಿಯನ್ನು ಜೊತೆಗಿಟ್ಟುಕೊಂಡೆ.

ಉಳಿದ ಕೆಲಸಗಳು ಹೊರಡುವ ತಿಂಗಳಿನ ಗಡಿಬಿಡಿಯಲ್ಲಿ ಮುಗಿದವು. ಉಳಿತಾಯ ಖಾತೆಯನ್ನು ಅನಿವಾಸಿ ಖಾತೆಯಾಗಿ ಬದಲಾಯಿಸಲು ಬ್ಯಾಂಕಿಗೆ ಬರೆದುಕೊಟ್ಟೆವು. ತೋಟದ ವಿಷಯದಲ್ಲಿ ಮಾತ್ರ ನಿಧಾನವಾಗಿ ವಿಚಾರಿಸಿದೆವು. ಅನಿವಾಸಿಯಾದ ಮೇಲೆ ಕೃಷಿ ಜಮೀನನ್ನಾಗಲಿ ತೋಟವನ್ನಾಗಲಿ ಹೊಸದಾಗಿ ಕೊಳ್ಳುವಂತಿಲ್ಲ, ಇರುವುದನ್ನು ಉಳಿಸಿಕೊಳ್ಳಬಹುದು, ಹಿರಿಯರಿಂದ ಬರುವುದನ್ನು ಪಡೆಯಬಹುದು. ಇದನ್ನು ಕೇಳಿ ಮಾವನವರು ನೆಮ್ಮದಿಯಾದರು.

ಐಂಡ್‌ಹೋವನ್‌ಗೆ ಇಳಿದ ನಾಲ್ಕನೆಯ ದಿನ ನಗರಸಭೆಯಲ್ಲಿ ನಮ್ಮ ಸರದಿ. ಕಿಟಕಿಯಲ್ಲಿದ್ದ ಮಹಿಳೆ ಪ್ರಮಾಣ ಪತ್ರವನ್ನು ತಿರುಗಿಸಿ, ಹಿಂದಿನ ಚೀಟಿಯ ಸಂಖ್ಯೆ ನೋಡಿ, ಮತ್ತೆ ಮುಂದೆ ತಿರುಗಿಸಿದರು. ಪಾಸ್‌ಪೋರ್ಟಿನ ಮೇಲೊಂದು ಬೆರಳು, ಪತ್ರದ ಮೇಲೊಂದು ಬೆರಳು ಇಟ್ಟು ಎರಡು ಕಾಗುಣಿತಗಳನ್ನು ಹೋಲಿಸಿದರು. ಅಧಿಸೂಚನೆ ಕೊಟ್ಟೆ. ಓದಿ, ತಲೆಯಾಡಿಸಿ, ನನ್ನ ಹೆಸರು, ಅಪ್ಪನ ಹೆಸರು, ಅಮ್ಮನ ಹೆಸರನ್ನು ಒಂದೊಂದೇ ಅಕ್ಷರವಾಗಿ ಟೈಪ್ ಮಾಡಿದರು.

ಹೊರಗೆ ಬಂದು ಅಮ್ಮನಿಗೆ ಫೋನ್ ಮಾಡಿದೆ.

“ಬರೆದುಕೊಂಡರಾ?”

“ಬರೆದುಕೊಂಡರು ಅಮ್ಮ. ನಿಮ್ಮ ಹೆಸರನ್ನೂ.”

“ಮೂಲ ಪತ್ರ ವಾಪಸ್ ಕೊಟ್ಟರಾ?”

“ಕೊಟ್ಟರು.”

“ಪ್ಲಾಸ್ಟಿಕ್ ಕವರಿನಲ್ಲಿ ಹಾಕಿ, ಎತ್ತರದಲ್ಲಿ ಇಡು. ಅಲ್ಲಿಯೂ ಮಳೆ ಜಾಸ್ತಿಯಂತೆ.”