ಅಂಗಳದಲ್ಲೇ ಗಡಿಯಾರ

ಇವತ್ತು ಎರಡನೇ ಕ್ಲಾಸಿನ ಮಕ್ಕಳೇ ಗಡಿಯಾರ ಆದರು. ಶಾಲೆಯ ಅಂಗಳದಲ್ಲಿ ಸುಣ್ಣದ ದೊಡ್ಡ ವೃತ್ತ. 12 ಮಕ್ಕಳು ಅಂಕಿ ಹಿಡಿದು ಸುತ್ತ ನಿಂತರು, ಒಳಗೆ ಇಬ್ಬರು ಮುಳ್ಳುಗಳು. ದೊಡ್ಡ ಮುಳ್ಳು ಒಂದು ಸುತ್ತು ಓಡಿ ಬರುವಷ್ಟರಲ್ಲಿ ಚಿಕ್ಕ ಮುಳ್ಳು ಒಂದೇ ಅಂಕಿ ಮುಂದೆ ಹೋಗಬೇಕು.

"ಮೂರೂವರೆ" ಅಂದೆ. ದೊಡ್ಡ ಮುಳ್ಳು ಓಡಿ ಹೋಗಿ 6ರ ಎದುರು ನಿಂತಳು. ಚಿಕ್ಕ ಮುಳ್ಳು 3ರಲ್ಲೇ ಇದ್ದ. "ಏಯ್, ನೀನೂ ಅರ್ಧ ಬಾರೋ!" ಅಂತ 4 ಹಿಡಿದವಳು ಕೂಗಿದಳು. ಎಷ್ಟು ಖುಷಿಯಾಯ್ತು ಗೊತ್ತಾ! ರಟ್ಟಿನ ಗಡಿಯಾರದಲ್ಲಿ ಎರಡು ಮುಳ್ಳನ್ನೂ ಬೇರೆ ಬೇರೆ ತಿರುಗಿಸುತ್ತೇವೆ, ಈ ಅರ್ಧ ಹೆಜ್ಜೆ ಅಲ್ಲಿ ಕಾಣುವುದೇ ಇಲ್ಲ.

ಮೊದಲು ಗಂಟೆ, ಆಮೇಲೆ ಅರ್ಧ, ಕಾಲು, ಮುಕ್ಕಾಲು. ಐದರ ಮಗ್ಗಿ ಬಾಯಿಗೆ ಬರುವ ಮುಂಚೆ ನಿಮಿಷಕ್ಕೆ ಅವಸರ ಯಾಕೆ, ಅಲ್ವಾ?