‘ಇದರಲ್ಲಿ ಸ್ಪಿರಿಟ್ ಉಂಟಾ?’

ಕಳೆದ ಶುಕ್ರವಾರ ಜುಮಾಕ್ಕೆ ಹೊರಡುವ ಹೊತ್ತಿನಲ್ಲಿ, ದುಬೈಯಿಂದ ರಜೆಗೆ ಬಂದಿದ್ದ ನನ್ನ ಅತ್ತೆಯ ಮಗ ಹೊಸ ಸೆಂಟಿನ ಬಾಟಲಿಯನ್ನು ತಂದೆಯವರ ಅಂಗಿಯತ್ತ ಹಿಡಿದಾಗ, ಅವರು ಒಂದು ಹೆಜ್ಜೆ ಹಿಂದೆ ಸರಿದು, “ಇದರಲ್ಲಿ ಸ್ಪಿರಿಟ್ ಉಂಟಾ?” ಎಂದು ಕೇಳಿದರು. “ಕುಡಿಯಲಿಕ್ಕಲ್ಲ ಮಾವ, ಹಾಕಿಕೊಳ್ಳಲಿಕ್ಕೆ,” ಎಂದು ಅವನು ನಕ್ಕ. ಅಲ್ಲಿದ್ದವರೆಲ್ಲ ನಕ್ಕರು, ನಾನೂ ನಕ್ಕೆ. ತಂದೆಯವರು ಏನೂ ಹೇಳದೆ ಕಪಾಟಿನಿಂದ ಅತ್ತರಿನ ಕುಪ್ಪಿ ತೆಗೆದು, ಮಣಿಕಟ್ಟಿಗೆ ಸವರಿಕೊಂಡು ಮಸೀದಿಗೆ ನಡೆದರು.

ಆ ನಗು ವಾರವಿಡೀ ನನ್ನನ್ನು ಚುಚ್ಚಿದೆ. ಅವರು ಕೇಳಿದ್ದು ಕುಡಿತದ ಪ್ರಶ್ನೆಯಲ್ಲ, ನಜೀಸಿನ ಪ್ರಶ್ನೆ; ಅಂದರೆ ಮೈಗೋ ಬಟ್ಟೆಗೋ ತಗಲಿದರೆ ನಮಾಝ್ ಕೆಡಿಸುವ ಅಶುದ್ಧಿಯದ್ದು. ಹರಾಮ್ ಆದದ್ದೆಲ್ಲ ಅಶುದ್ಧವಲ್ಲ. ವಿಷ ಸೇವಿಸುವುದು ಹರಾಮ್, ಆದರೆ ಅದು ಬಟ್ಟೆಗೆ ತಗಲಿದ ಮಾತ್ರಕ್ಕೆ ನಮಾಝ್ ಕೆಡುವುದಿಲ್ಲ. ಮದ್ಯವಾದರೋ ಹರಾಮೂ ಹೌದು, ನಜೀಸೂ ಹೌದು ಎಂಬುದು ಬಹುಪಾಲು ವಿದ್ವಾಂಸರ ನಿಲುವು. ಕುರ್‌ಆನ್‌ನ 5ನೇ ಅಧ್ಯಾಯದ 90ನೇ ವಚನ ಅದನ್ನು ‘ರಿಜ್ಸ್’, ಅಂದರೆ ಹೊಲಸು, ಎನ್ನುತ್ತದೆ. ಆದರೆ ಅದೇ ವಚನದಲ್ಲಿ ಜೂಜೂ ಇದೆ, ಶಕುನ ನೋಡುವ ಬಾಣಗಳೂ ಇವೆ. ಬಾಣ ಮುಟ್ಟಿದ ಕೈಯನ್ನು ಯಾರೂ ತೊಳೆಯಬೇಕೆನ್ನುವುದಿಲ್ಲವಲ್ಲ ಎಂಬುದು ಮದ್ಯವನ್ನು ನಜೀಸ್ ಎನ್ನದ ಕೆಲವರ ತರ್ಕ. ನಾವು ಅನುಸರಿಸುವ ಇಮಾಮ್ ಶಾಫಿಯವರ ಶಿಷ್ಯ ಮುಝನಿಯೇ ಆ ಪಕ್ಷದಲ್ಲಿದ್ದರು ಎಂಬುದು ನನಗೆ ಬಲು ಇಷ್ಟವಾದ ಸಂಗತಿ.

ನಾವು ಕರಾವಳಿಯ ಬ್ಯಾರಿಗಳು, ಭಟ್ಕಳದ ನವಾಯತರಂತೆಯೇ, ಶಾಫಿ ಮದ್‌ಹಬಿನವರು, ಅಂದರೆ ಆ ಇಮಾಮರ ಧರ್ಮಶಾಸ್ತ್ರದ ದಾರಿಯವರು; ಅದರಲ್ಲಿ ಅಮಲೇರಿಸುವ ದ್ರವವೆಲ್ಲವೂ ನಜೀಸ್. ಘಟ್ಟದ ಮೇಲಿನ ಉರ್ದು ಮಾತಿನವರು ಹೆಚ್ಚಾಗಿ ಹನಫಿಗಳು, ಇಮಾಮ್ ಅಬೂ ಹನೀಫಾ ಅವರ ದಾರಿಯವರು. ಆ ಇಮಾಮರು ದ್ರಾಕ್ಷಿ, ಖರ್ಜೂರದ ಮದ್ಯವನ್ನು ನಜೀಸ್ ಎಂದು ಒಂದು ಕಡೆ, ಉಳಿದವನ್ನು ಅಷ್ಟು ಬಿಗಿಯಿಲ್ಲದೆ ಇನ್ನೊಂದು ಕಡೆ ಇಟ್ಟರು. ಸೆಂಟಿಗೆ ಬೀಳುವ ಆಲ್ಕೋಹಾಲ್ ಹೆಚ್ಚಾಗಿ ಕಬ್ಬಿನ ಕಾಕಂಬಿಯಿಂದಲೋ ಧಾನ್ಯದಿಂದಲೋ ಬರುವುದರಿಂದ, ಅದನ್ನು ಹಾಕಿಕೊಳ್ಳಲು ಅಡ್ಡಿಯಿಲ್ಲವೆಂದು ಪಾಕಿಸ್ತಾನದ ಮುಫ್ತಿ ತಕಿ ಉಸ್ಮಾನಿಯಂಥವರು ಹೇಳಿದ್ದಾರೆ. ಹೀಗಾಗಿ ಒಂದೇ ಬಾಟಲಿ ದಾವಣಗೆರೆಯ ನನ್ನ ಸಹೋದ್ಯೋಗಿಗೆ ನಿರಾತಂಕ, ತಂದೆಯವರಿಗೆ ಸಂಶಯ.

ಅತ್ತೆಯ ಮಗ ಕೆಟ್ಟವನಲ್ಲ, ಕೈ ಬಿಚ್ಚಿ ಕೊಡುವವನು. ಆದರೆ ಗಲ್ಫಿನ ಮಾಲಿನಲ್ಲಿ ಮಾರಾಟವಾಗುವುದನ್ನೇ ಫತ್ವಾ ಎಂದುಕೊಂಡಿದ್ದಾನೆ. ಕುಡಿಯಲಿಕ್ಕಲ್ಲ ಮಾವ! ಕುಡಿಯಲಿಕ್ಕೆ ಎಂದು ಅವರು ಎಲ್ಲಿ ಹೇಳಿದ್ದರು? 2020ರಲ್ಲಿ ಮಸೀದಿಯ ಬಾಗಿಲಲ್ಲಿ ಕೈಗೆ ಸ್ಯಾನಿಟೈಸರ್ ಹಾಕಿದಾಗ ಇದೇ ತಂದೆಯವರು ತಕರಾರಿಲ್ಲದೆ ಉಜ್ಜಿಕೊಂಡು, ಆಮೇಲೆ ನೀರಿನಲ್ಲಿ ಕೈ ತೊಳೆದು ಒಳಗೆ ಹೋಗುತ್ತಿದ್ದರು. ಆಗಲೂ ಅವರಿಗೆ ಲೆಕ್ಕ ಸ್ಪಷ್ಟವಿತ್ತು.

ಭಾನುವಾರ ಮದ್ರಸದ ಉಸ್ತಾದರನ್ನು ಕೇಳಿದೆ. ಸುಗಂಧ ಕೆಡದಂತೆ ಉಳಿಸಲು ಅಗತ್ಯವಿರುವಷ್ಟು ಸೇರಿಸಿದ್ದಕ್ಕೆ ಮಾಫಿ ಉಂಟೆಂದು ಶಾಫಿಗಳಲ್ಲೇ ನಂತರದ ಕೆಲವರು ಬರೆದಿದ್ದಾರೆ, ಆದರೂ ದೂರವಿದ್ದರೆ ಒಳ್ಳೆಯದು ಎಂದರು. ದೊಡ್ಡ ಸಂಶೋಧನೆ ಮಾಡಿದವನಂತೆ ಮನೆಗೆ ಬಂದು ತಂದೆಯವರಿಗೆ ಒಪ್ಪಿಸಿದೆ.

“ಅದು ಗೊತ್ತುಂಟು,” ಎಂದರು. “ಅತ್ತರು ಇರುವಾಗ ಮಾಫಿ ಯಾಕೆ?” ಎಂದು, ಮುಚ್ಚಳವನ್ನೂ ತೆಗೆಯದ ಆ ಬಾಟಲಿಯನ್ನು ನನ್ನ ಕೈಗೆ ಕೊಟ್ಟರು.