ವಸೂಲಿಯವರು ಬಂದಾಗ: ಸಹಿ ಹಾಕುವ ಮುಂಚೆ

ಕಾಫಿ ಕೊಯ್ಲು ಮುಗಿದು ಕೈಯಲ್ಲಿ ನಾಲ್ಕು ಕಾಸು ಓಡಾಡುವ ಹೊತ್ತಿಗೆ ಹಳೇ ಬಾಕಿಯ ಫೋನುಗಳು ಶುರುವಾಗುತ್ತವೆ. ದೂರು ಅರ್ಜಿ ಬರೆದುಕೊಡುವ ನಮ್ಮ ಮೇಜಿಗೆ ಬರುವ ಹೊತ್ತಿಗೆ ಜನ ಏಜೆಂಟ್ ಕೊಟ್ಟ ಯುಪಿಐ ನಂಬರಿಗೆ ಸಾವಿರವೋ ಎರಡು ಸಾವಿರವೋ ಹಾಕಿಬಿಟ್ಟಿರುತ್ತಾರೆ. ರಸೀದಿ ಮಾತ್ರ ಇರುವುದಿಲ್ಲ.

ಬ್ಯಾಂಕ್ ಸಾಲವಾದರೆ ಬಂದವನ ಹತ್ತಿರ ಗುರುತಿನ ಚೀಟಿ ಮತ್ತು ಬ್ಯಾಂಕಿನ ಅಧಿಕಾರಪತ್ರ ಇರಲೇಬೇಕು. ಎರಡರದ್ದೂ ಫೋಟೊ ತೆಗೆದುಕೊಂಡು ಶಾಖೆಯಲ್ಲಿ ವಿಚಾರಿಸಿ. ಅಸಲು, ಬಡ್ಡಿ, ದಂಡ ಬಿಡಿಬಿಡಿಯಾಗಿ ತೋರಿಸುವ ಸ್ಟೇಟ್‌ಮೆಂಟ್ ಕೇಳಿ. ಕಟ್ಟುವುದಾದರೆ ಸಾಲದ ಖಾತೆಗೇ ಕಟ್ಟಿ.

ಬೆಳಿಗ್ಗೆ 8ಕ್ಕೆ ಮುಂಚೆ, ಸಂಜೆ 7ರ ನಂತರ ವಸೂಲಿ ಫೋನ್ ಮಾಡುವಂತಿಲ್ಲ. ಸಂಘದ ಸಾಲಕ್ಕೆ, ಅಂದರೆ ಮೈಕ್ರೋಫೈನಾನ್ಸಿಗೆ, ಇನ್ನೂ ಬಿಗಿ: ಬೆಳಿಗ್ಗೆ 9ರಿಂದ ಸಂಜೆ 6ರೊಳಗೆ ಮಾತ್ರ. ಅಲ್ಲಿ ಕಂತು ಕಟ್ಟುವ ಜಾಗವನ್ನು ಇಬ್ಬರೂ ಒಪ್ಪಿ ಗೊತ್ತುಮಾಡಬೇಕು. ಸಾಲಗಾರ ಸತತ ಎರಡು ಸಲ ಅಲ್ಲಿಗೆ ಬಾರದಿದ್ದರೆ ಮಾತ್ರ ಸಿಬ್ಬಂದಿ ಮನೆಗೋ ಕೆಲಸದ ಜಾಗಕ್ಕೋ ಹೋಗಬಹುದು. ಲೈನ್‌ಮನೆ (ತೋಟದ ಕೆಲಸಗಾರರ ಸಾಲುಮನೆ) ಮುಂದೆ ನಿಂತು ಅಕ್ಕಪಕ್ಕದವರಿಗೆ ಕೇಳಿಸುವ ಹಾಗೆ ಬೈಯುವುದಕ್ಕೆ ಯಾವ ನಿಯಮವೂ ಅವಕಾಶ ಕೊಟ್ಟಿಲ್ಲ.

ನಿಜವಾದ ಪೆಟ್ಟು ಬೀಳುವುದು ಸಹಿಯಲ್ಲಿ. ಅಡಮಾನವಿಲ್ಲದ ಬಾಕಿಗೆ ದಾವೆ ಹೂಡಲು ಸಾಮಾನ್ಯವಾಗಿ ಇರುವುದು 3 ವರ್ಷ. ಆ ಅವಧಿಯೊಳಗೆ ‘ಬಾಕಿ ಇದೆ’ ಎಂದು ಬರೆದು ಸಹಿ ಹಾಕಿದರೆ ಲೆಕ್ಕ ಆವತ್ತಿನಿಂದ ಹೊಸದಾಗಿ ಶುರು. ಅವಧಿ ಕಳೆದ ಮೇಲೂ ‘ಕೊಡುತ್ತೇನೆ’ ಎಂದು ಸಹಿ ಹಾಕಿದರೆ, ಕರಾರು ಕಾಯ್ದೆಯ 25(3)ನೇ ಕಲಮಿನ ಪ್ರಕಾರ ಸತ್ತ ಸಾಲಕ್ಕೂ ಜೀವ ಬರುತ್ತದೆ. ‘ಸುಮ್ಮನೆ ಭೇಟಿ ವರದಿ’ ಎಂದು ಚಾಚುವ ಫಾರಂ ಓದದೆ ಮುಟ್ಟಬೇಡಿ.

ಸೆಟ್ಲ್‌ಮೆಂಟ್, ಅಂದರೆ ಬಾಕಿಗಿಂತ ಕಡಿಮೆ ಕಟ್ಟಿ ಸಾಲ ಮುಗಿಸುವುದನ್ನು, ಒಪ್ಪುವುದಾದರೆ ಮೊತ್ತ, ಕೊನೇ ದಿನ, ‘ಮುಂದೆ ಬಾಕಿ ಇರುವುದಿಲ್ಲ’ ಎಂಬ ಮಾತು ಇರುವ ಪತ್ರ ಹಣ ಕಟ್ಟುವ ಮೊದಲೇ ಬೇಕು. ಆದರೂ ನಿಮ್ಮ ಸಾಲಗಳ ಚರಿತ್ರೆ ತೋರಿಸುವ ಕ್ರೆಡಿಟ್ ವರದಿಯಲ್ಲಿ ‘ಕ್ಲೋಸ್ಡ್’ ಬದಲು ‘ಸೆಟಲ್ಡ್’ ಎಂದೇ ಬೀಳುತ್ತದೆ. ಮುಂದಿನ ಸಾಲಕ್ಕೆ ಅದು ಅಡ್ಡಿ. ವರದಿಯಲ್ಲಿ ತಪ್ಪಿದ್ದರೆ ದೂರು ಕೊಟ್ಟ 30 ದಿನದೊಳಗೆ ಸರಿಪಡಿಸಬೇಕು, ತಡವಾದರೆ ದಿನಕ್ಕೆ ₹100 ಪರಿಹಾರ.

ಕಿರುಕುಳದ ದೂರು ಮೊದಲು ಸಾಲ ಕೊಟ್ಟವರಿಗೇ, ಬರವಣಿಗೆಯಲ್ಲಿ. 30 ದಿನದಲ್ಲಿ ಉತ್ತರ ಬಾರದಿದ್ದರೆ ರಿಸರ್ವ್ ಬ್ಯಾಂಕ್ ಒಂಬುಡ್ಸ್‌ಮನ್ (ಗ್ರಾಹಕರ ದೂರು ವಿಚಾರಿಸುವ ಅಧಿಕಾರಿ). ಶುಲ್ಕವಿಲ್ಲ, ಸಹಾಯವಾಣಿ 14448. ನೇರವಾಗಿ ಅಲ್ಲಿಗೇ ಹೋದ ಅರ್ಜಿಗಳು ವಾಪಸಾಗುತ್ತವೆ. ಪೋಸ್ಟ್‌ಪೇಯ್ಡ್ ಮೊಬೈಲ್ ಬಿಲ್ಲಿಗೆ ಈ ದಾರಿಯೇ ಇಲ್ಲ. ಅದಕ್ಕೆ ಕಂಪನಿಯ ದೂರು ಕೇಂದ್ರದ ಡಾಕೆಟ್ ನಂಬರ್ (ದೂರು ದಾಖಲಾದ ಸಂಖ್ಯೆ), ಆಮೇಲೆ ಅದೇ ಕಂಪನಿಯ ಮೇಲ್ಮನವಿ ಪ್ರಾಧಿಕಾರ. ಸೇವೆಯ ಲೋಪಕ್ಕೆ ಮಡಿಕೇರಿಯ ಜಿಲ್ಲಾ ಗ್ರಾಹಕರ ಆಯೋಗವಿದೆ: 2 ವರ್ಷದೊಳಗೆ ಹೋಗಬೇಕು, ಕೊಟ್ಟ ಬೆಲೆ 5 ಲಕ್ಷದೊಳಗಿದ್ದರೆ ಶುಲ್ಕವಿಲ್ಲ. ಕರೆಗಳ ದಿನಾಂಕ, ಸಮಯ, ನಂಬರ್ ಬರೆದಿಟ್ಟ ಹಾಳೆಯೊಂದು ಜೊತೆಗಿರಲಿ.